ನಮ್ಮೂರ ಹಾಲ್ಟ್ ಯಾವ ಕಾಲದ್ದು? ನಾನು ಹುಡುಕಿದ ದಾರಿ

ಬಳ್ಳಾರಿ–ಹೊಸಪೇಟೆ ಲೈನಿನಲ್ಲಿ ನಮ್ಮೂರಿಗೊಂದು ಹಾಲ್ಟ್, ಅಂದರೆ ಪ್ಯಾಸೆಂಜರ್ ರೈಲು ನಿಲ್ಲುವ ಪುಟ್ಟ ನಿಲ್ದಾಣ, ಇತ್ತು. ಬೆಳಿಗ್ಗೆ ಪ್ಯಾಸೆಂಜರ್ ಹತ್ತಿ ಬಳ್ಳಾರಿಗೆ ಕೂಲಿಗೆ, ಕಾಲೇಜಿಗೆ ಹೋದವರು ಸಂಜೆ ಅಲ್ಲೇ ಇಳಿಯುತ್ತಿದ್ದರು. ಈಗ ಬರೀ ಜಾಲಿ ಮುಳ್ಳು. ಅದು ಎಂದು ಶುರುವಾಯಿತು, ಎಂದು ಮುಚ್ಚಿತು ಅಂತ ಸರಿಯಾಗಿ ಹೇಳುವವರೇ ಇರಲಿಲ್ಲ.

ಮೊದಲು ಹಳಿಯನ್ನು ನಂಬಿದೆ. ತಗಡಿನ ಚಪ್ಪರಕ್ಕೆ ಕಂಬವಾಗಿ ಹಳೇ ಹಳಿ ನೆಟ್ಟಿದ್ದರು. ಹಳಿಯ ಬದಿಯ ಮೈಮೇಲೆ ಕಾರ್ಖಾನೆಯ ಹೆಸರು, ಇಸವಿ ಉಬ್ಬಿಕೊಂಡಿರುತ್ತವೆ. ಸೀಮೆಸುಣ್ಣ ತಿಕ್ಕಿದರೆ ಓದಬಹುದು. ಸದರ್ನ್ ಮರಾಠಾ ರೈಲ್ವೆ ಈ ಲೈನು ಹಾಕಿದ್ದು 1884ರಲ್ಲಿ. ಕಂಬದ ಇಸವಿಯೂ ಆ ಕಾಲದ್ದೇ! ಖುಷಿಯಿಂದ ಓಡಿಹೋಗಿ, ಹಳಿ ದುರಸ್ತಿ ಮಾಡುವ ಗ್ಯಾಂಗ್‌ಮನ್ ಆಗಿ ನಿವೃತ್ತರಾದ ತಾತನಿಗೆ ಹೇಳಿದೆ.

"ಹಳಿ ಸವೆದ ಮೇಲೆ ತಾನೇ ಕಂಬ ಆಗೋದು, ಮಗಾ?" ಅಂದರು.

ಹೌದಲ್ವಾ! ಅದು ಹಳಿಯ ವಯಸ್ಸು, ನಿಲ್ದಾಣದ್ದಲ್ಲ.

ಆಮೇಲೆ ಊರಿನ ಟ್ರಂಕುಗಳನ್ನು ತೆಗೆಸಿದೆ. ಒಂದು ಮನೆಯಲ್ಲಿ ದಪ್ಪ ರಟ್ಟಿನ ಸಣ್ಣ ಟಿಕೆಟ್ ಸಿಕ್ಕಿತು. ತಾರೀಖು ಅಳಿಸಿತ್ತು. ಆದರೆ ನಮ್ಮೂರ ಹೆಸರಿತ್ತು, ಸದರ್ನ್ ರೈಲ್ವೆ ಅಂತ ಇತ್ತು. ಆ ರೈಲ್ವೆ ಹುಟ್ಟಿದ್ದು 1951ರ ಏಪ್ರಿಲ್ 14ರಂದು. ದರ ಆಣೆಯಲ್ಲಿತ್ತು. ಆಣೆಯ ಬದಲು ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಅಂದರೆ ಈ ನಡುವೆ ನಮ್ಮೂರಲ್ಲಿ ರೈಲು ನಿಲ್ಲುತ್ತಿತ್ತು. ಇಷ್ಟು ಚಿಕ್ಕ ರಟ್ಟು ಇಷ್ಟೆಲ್ಲ ಹೇಳಿದ್ದು ನೋಡಿ ಅವತ್ತು ನಿದ್ದೆ ಬರಲಿಲ್ಲ.

ಮುಚ್ಚಿದ್ದು ಎಂದು? ಇಸವಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಇಸವಿ ಕೇಳುವುದನ್ನೇ ಬಿಟ್ಟೆ. "ಕೊನೇ ಸಲ ಇಳಿದಾಗ ಹಳಿ ಅಗಲ ಇತ್ತಾ, ಕಿರಿದಾಗಿತ್ತಾ? ಜೊತೆಗೆ ಯಾರಿದ್ದರು?" ಎಂದು ಕೇಳತೊಡಗಿದೆ. ಇಲ್ಲಿ ಮೊದಲಿದ್ದದ್ದು ಎರಡು ಹಳಿಗಳ ನಡುವೆ 1000 ಮಿಲಿಮೀಟರ್ ಅಂತರದ ಮೀಟರ್ ಗೇಜ್. ಆಮೇಲೆ ಅದು 1676 ಮಿಲಿಮೀಟರಿನ ಬ್ರಾಡ್ ಗೇಜ್ ಆಯಿತು. ಎಲ್ಲರೂ ಕಿರಿದು ಎಂದೇ ಹೇಳಿದರು. ಒಬ್ಬ ಅಕ್ಕ ಬಾಣಂತನ ಮುಗಿಸಿ, ಮೂರು ತಿಂಗಳ ಮಗಳನ್ನು ಎತ್ತಿಕೊಂಡು ಇಲ್ಲೇ ಇಳಿದಿದ್ದರಂತೆ. ಆ ಮಗಳ ಶಾಲೆಯ ಟಿ.ಸಿ. (ವರ್ಗಾವಣೆ ಪತ್ರ) ನೋಡಿ ಹುಟ್ಟಿದ ವರ್ಷ ಬರೆದುಕೊಂಡೆ. ಮುಚ್ಚಿದ್ದು ಆ ವರ್ಷಕ್ಕೂ ಗೇಜ್ ಬದಲಾದದ್ದಕ್ಕೂ ನಡುವೆ.

ಆ ಕೆಲವೇ ವರ್ಷಗಳ ವೇಳಾಪಟ್ಟಿಗಾಗಿ ಹಳೇ ಪುಸ್ತಕದಂಗಡಿಗಳನ್ನು ಸುತ್ತಿದೆ. ಬೆನ್ನುಬೆನ್ನಿಗೆ ಬಂದ ಎರಡು ವರ್ಷದ ಪುಸ್ತಕ ಸಿಕ್ಕವು. ಮೊದಲನೆಯದರಲ್ಲಿ ನಮ್ಮೂರ ಹೆಸರಿದೆ. ಮರುವರ್ಷದ್ದರಲ್ಲಿ ಇಲ್ಲ.