ಬ್ರಿಟನ್ನಿನ ಹಳ್ಳಿ ಮನೆಗೆ ಇಂಟರ್ನೆಟ್: ಕೇಳಿದವರಿಗಷ್ಟೇ ಸಿಗುವ ಹಕ್ಕು

ದಾವಣಗೆರೆಯಿಂದ ಬ್ರಿಟನ್ನಿನ ಆಸ್ಪತ್ರೆಗಳಿಗೆ ಹೊರಟ ಡಾಕ್ಟರು, ನರ್ಸುಗಳು ಮನೆ ಬಾಡಿಗೆ, ಚಳಿ, ಸೋನಾ ಮಸೂರಿ ಎಲ್ಲದರ ಬಗ್ಗೆಯೂ ನನ್ನನ್ನು ಕೇಳುತ್ತಾರೆ. ಇಂಟರ್ನೆಟ್ ಬಗ್ಗೆ ಯಾರೂ ಕೇಳುವುದಿಲ್ಲ. ಮುಂದುವರಿದ ದೇಶ, ಇದ್ದೇ ಇರುತ್ತದೆ ಎಂದು ನಾನೂ ನಂಬಿದ್ದೆ. ವೇಲ್ಸ್‌ನ ಗುಡ್ಡದ ಹಳ್ಳಿಯಲ್ಲಿ ನಾನು ಹಿಡಿದ ಮನೆಗೆ ಇದ್ದದ್ದು ಹಳೆಯ ತಾಮ್ರದ ತಂತಿ. ವಿದ್ಯಾನಗರದ ಅಡುಗೆಮನೆಯಲ್ಲಿ ಅವ್ವ ಕಾವಲಿಯ ದೋಸೆಗೆ ಬೆಣ್ಣೆ ಹಾಕುವುದು ನನಗೆ ನಿಚ್ಚಳವಾಗಿ ಕಾಣುತ್ತಿತ್ತು. ಅವಳ ಮೊಬೈಲಿನಲ್ಲಿ ಮಾತ್ರ ನನ್ನ ಮುಖ ಬಾಯಿ ತೆರೆದಂತೆಯೇ ನಿಂತುಬಿಡುತ್ತಿತ್ತು. ನನ್ನ ಕಡೆಯಿಂದ ಹೊರಹೋಗುವ ವೇಗ, ಅಂದರೆ ಅಪ್‌ಲೋಡ್, ಅರ್ಧ ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಕೂಡ ಇರಲಿಲ್ಲ.

ಇಂಥ ಮನೆಗಳಿಗಾಗಿಯೇ ಅಲ್ಲಿ ಸಾರ್ವತ್ರಿಕ ಸೇವಾ ಬಾಧ್ಯತೆ ಎಂಬ ನಿಯಮವಿದೆ. 2020ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಡೌನ್‌ಲೋಡ್ 10 ಎಂಬಿಪಿಎಸ್, ಅಪ್‌ಲೋಡ್ 1 ಎಂಬಿಪಿಎಸ್ ಸಿಗದಿದ್ದರೆ ಬಿಟಿ ಎಂಬ ಟೆಲಿಕಾಂ ಕಂಪನಿಗೆ (ಹಲ್ ನಗರದ ಪ್ರದೇಶದಲ್ಲಿ ಕೆಕಾಮ್ ಕಂಪನಿಗೆ) ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ತಂತಿ ಎಳೆಯುವ ಖರ್ಚು 3,400 ಪೌಂಡ್‌ವರೆಗೆ ಕಂಪನಿಯದು, ಮೀರಿದ್ದು ನಮ್ಮದು. ಹನ್ನೆರಡು ತಿಂಗಳೊಳಗೆ ಸರ್ಕಾರಿ ಹಣದ ಯೋಜನೆಯೊಂದು ಆ ಮನೆಗೆ ತಲುಪುವಂತಿದ್ದರೆ ಅರ್ಜಿ ಒಪ್ಪುವುದಿಲ್ಲ. 4ಜಿಯಲ್ಲಿ ಅಷ್ಟು ವೇಗ ಸಿಕ್ಕರೂ ಅಷ್ಟೇ. ನನಗೆ ಬಂದದ್ದು ಇದೇ ಉತ್ತರ. ಕೊನೆಗೆ ಅಟ್ಟದ ಕಿಟಕಿಯಲ್ಲಿ 4ಜಿ ರೌಟರ್ ಇಟ್ಟ ಮೇಲೆ ಅವ್ವನಿಗೆ ನನ್ನ ತುಟಿ ಅಲುಗಾಡಿದ್ದು ಕಂಡಿತು.

ನಮ್ಮಲ್ಲಿ ಲೆಕ್ಕ ಬೇರೆ. ಟೆಲಿಕಾಂ ಕಂಪನಿಗಳ ಆದಾಯದ ಒಂದು ಪಾಲು ಸರ್ಕಾರದ ನಿಧಿಗೆ ಸೇರಿ, ಅದರಿಂದ ಭಾರತ್‌ನೆಟ್ ಯೋಜನೆಯ ಇಂಟರ್ನೆಟ್ ಕೇಬಲ್ ಜಗಳೂರು, ಹೊಸದುರ್ಗದಂಥ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳಿಗೆ ಬರುತ್ತದೆ. ಅಂದರೆ ಊರಿಗೆ ಬರುತ್ತದೆ, ಮನೆಯವರೆಗೆ ಬರುತ್ತದೆಂಬ ಖಾತರಿಯಿಲ್ಲ. ಬ್ರಿಟನ್ನಿನಲ್ಲಿ ಹಕ್ಕು ಮನೆಗೇ ಇದೆ, ಅದು ದೊಡ್ಡ ಮಾತು. ಆದರೆ 1 ಎಂಬಿಪಿಎಸ್ ಅಪ್‌ಲೋಡ್ ಎಂಬ ಕನಿಷ್ಠ ಮಿತಿ ಇಂದಿನ ಕಾಲಕ್ಕೆ ತೀರಾ ಕಡಿಮೆ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ವಿಡಿಯೊ ಕರೆಗೆ ಕೂತರೆ ಮುಗಿಯಿತು. ಇದನ್ನು ಏರಿಸಲೇಬೇಕು.

ವೀಸಾದಲ್ಲಿ ‘ಸಾರ್ವಜನಿಕ ನಿಧಿಯ ನೆರವಿಲ್ಲ’ ಎಂದಿರುವುದನ್ನು ಕಂಡು ಹಲವರು ಅರ್ಜಿಗೇ ಹೆದರುತ್ತಾರೆ. ಹೆದರಬೇಡಿ, ಇದು ಭತ್ಯೆಯಲ್ಲ. ಯೂನಿವರ್ಸಲ್ ಕ್ರೆಡಿಟ್‌ನಂಥ ಸರ್ಕಾರಿ ಭತ್ಯೆ ಪಡೆಯುವವರಿಗೆ ಕಂಪನಿಗಳು ಕೊಡುವ ಅಗ್ಗದ ಇಂಟರ್ನೆಟ್ ದರ (ಸೋಷಿಯಲ್ ಟ್ಯಾರಿಫ್) ಮಾತ್ರ ಹೊಸದಾಗಿ ಹೋದವರಿಗೆ ಸಾಮಾನ್ಯವಾಗಿ ದಕ್ಕುವುದಿಲ್ಲ. ಬಾಡಿಗೆ ಮನೆಯಾದರೆ ಗೋಡೆ ಕೊರೆಯಲು ಮಾಲೀಕರ ಒಪ್ಪಿಗೆ ಪತ್ರ ಮೊದಲೇ ಪಡೆಯಿರಿ. ಅದಕ್ಕೂ ಮುಂಚೆ, ಕರಾರಿಗೆ ಸಹಿ ಹಾಕುವ ಮುನ್ನವೇ, ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ನ ಜಾಲತಾಣದಲ್ಲಿ ಆ ಮನೆಯ ಪೋಸ್ಟ್‌ಕೋಡ್ ಹಾಕಿ, ಅಪ್‌ಲೋಡ್ ಎಷ್ಟಿದೆ ನೋಡಿ.