ಕರಡಿ ಮರಿಗೆ ಹುಟ್ಟುಹಬ್ಬ ಮಾಡಿದ್ದು

"ಕರಡಿಗೆ ಹುಟ್ಟುಹಬ್ಬ ಯಾವಾಗ?" ಅಂತ ನನ್ನ ತಂಗಿಯ ಮಗಳು ಕೇಳಿದಳು. ಅವಳಿಗೆ ಆಗ ಐದು ವರ್ಷ. ಉತ್ತರ ಹುಡುಕಲು ಹೋದವಳಿಗೆ ಒಂದು ಚಿತ್ರಪುಸ್ತಕದ ಕಥೆಯೇ ಸಿಕ್ಕಿತು. ಚಳಿ ದೇಶಗಳ ಕಂದು ಕರಡಿ ಮರಿ ಹಾಕುವುದು ನಡು ಚಳಿಗಾಲದಲ್ಲಿ, ಗವಿಯೊಳಗೆ ಮಲಗಿರುವಾಗ. ಮರಿ ಸುಮಾರು ಅರ್ಧ ಕಿಲೋ ತೂಗುತ್ತದೆ, ಕಣ್ಣೂ ಬಿಟ್ಟಿರುವುದಿಲ್ಲ. ಅಂದರೆ ಆ ಮರಿಯ ಹುಟ್ಟಿದ ದಿನ ಪ್ರತಿ ವರ್ಷ ಬರುವುದು ಎಲ್ಲರೂ ನಿದ್ದೆಯಲ್ಲಿರುವಾಗಲೇ. ಪಾಪ, ಅಲ್ವಾ? ಹಾಗಾದರೆ ಅದಕ್ಕೊಂದು ಪಾರ್ಟಿ ಆಗಲೇಬೇಕು ಅನ್ನಿಸಿತು.

ಮೊದಲ ಸಲ ಬರೆದಾಗ ಮೂರನೇ ಪುಟಕ್ಕೇ ಪಾರ್ಟಿ ಶುರುವಾಗಿತ್ತು. ಕೇಕು, ಬಲೂನು, ಕುಣಿತ, ಮತ್ತೆ ಕುಣಿತ. ಎ4 ಅಳತೆಯ ಎಂಟು ಹಾಳೆ ಮಡಚಿ, ನಡುವೆ ಹೊಲಿದು, 32 ಪುಟದ ಡಮ್ಮಿ, ಅಂದರೆ ಕೈಯಲ್ಲೇ ಮಾಡಿದ ಮಾದರಿ ಪುಸ್ತಕ, ಮಾಡಿದೆ. ಚಿತ್ರಪುಸ್ತಕಕ್ಕೆ ಹೆಚ್ಚಾಗಿ 32 ಪುಟವೇ ಇರುತ್ತದೆ, ಅಚ್ಚಿನಲ್ಲಿ 16 ಪುಟದ ಎರಡು ಫಾರಂ (ಅಚ್ಚು ಹಾಕಿ ಮಡಚುವ ದೊಡ್ಡ ಹಾಳೆ) ಸೇರಿದರೆ ಅಷ್ಟಾಗುತ್ತದೆ. ಪೆನ್ಸಿಲ್‌ನಲ್ಲಿ ಗೀಚಿದ ಆ ಡಮ್ಮಿಯನ್ನು ಆರೇಳು ಮಕ್ಕಳಿಗೆ ಓದಿ ಹೇಳಿದೆ. ಹತ್ತನೇ ಪುಟಕ್ಕೆ ಇಬ್ಬರು ಎದ್ದು ಹೋದರು.

ಆಮೇಲೆ ತುಂಬಾ ದಿನ ಯೋಚಿಸಿದೆ. ನಮಗೂ ಪಾರ್ಟಿಗಿಂತ ಅದರ ಹಿಂದಿನ ದಿನವೇ ಜಾಸ್ತಿ ನೆನಪಿರುತ್ತದೆ. ಯಾರು ಬರುತ್ತಾರೆ, ಯಾರು ಇನ್ನೂ ಬಂದಿಲ್ಲ, ಬಾಗಿಲಲ್ಲಿ ಸದ್ದಾಯಿತಾ? ಮಗುವಿನ ಜೀವ ಇರುವುದು ಅಲ್ಲಿ. ಹಾಗಾಗಿ ಪಾರ್ಟಿಯನ್ನು ಪುಸ್ತಕದ ಕೊನೆಗೆ ತಳ್ಳಿದೆ. ಮೊದಲೆಲ್ಲ ಬರೀ ಕಾಯುವುದು. ಕರಡಿ ಮರಿ ವಸಂತದಲ್ಲಿ ಎಲ್ಲರಿಗಿಂತ ಮೊದಲು ಏಳುತ್ತದೆ. ಚಳಿಗೆ ಮಲಗಿದ ಗೆಳೆಯರೆಲ್ಲ ಏಳಲಿ ಅಂತ ಕಾಯುತ್ತದೆ. ಕೆಸರಿನಿಂದ ಕಪ್ಪೆ, ಪೊಟರೆಯಿಂದ ಬಾವಲಿ, ಮಣ್ಣಿನಡಿಯಿಂದ ಆಮೆ. ಬಸವನಹುಳುವೂ ಚಳಿಗಾಲದಲ್ಲಿ ಚಿಪ್ಪಿನ ಬಾಯಿ ಮುಚ್ಚಿಕೊಂಡು ಮಲಗುತ್ತದೆ. ಅದನ್ನು ನಾನು ಬೇರೆ ಕೆಲಸಕ್ಕೆ ಇಟ್ಟುಕೊಂಡೆ.

ಪುಟ ತಿರುಗಿಸುವ ಕ್ಷಣವೇ ಇಂಥ ಪುಸ್ತಕದ ಉಸಿರು. ಈ ವಿಷಯದಲ್ಲಿ ಕನ್ನಡ ನನ್ನ ಕೈ ಹಿಡಿಯಿತು. ಮಾತನ್ನು ನಡುವೆ ತಡೆದು ನಿಲ್ಲಿಸಿದರೂ ಅದು ನಮ್ಮ ಕಿವಿಗೆ ಸಹಜವಾಗಿಯೇ ಕೇಳುತ್ತದೆ. "ಕೆಸರು ಗುಳುಗುಳು ಅಂತು. ಮೇಲೆ ಬಂದಿದ್ದು..." ಅಲ್ಲಿಗೆ ಬಲಗಡೆಯ ಪುಟ ಮುಗಿಯಬೇಕು. ತಿರುಗಿಸಿದರೆ, "ಕಪ್ಪೆ!" ಎರಡನೇ ಸಲ ಓದುವಾಗ ಮಕ್ಕಳೇ ನನಗಿಂತ ಮುಂಚೆ ಕೂಗಿಬಿಟ್ಟರು. "ಬಂದಿತು" ಅಂತ ಬರೆದಿದ್ದನ್ನೆಲ್ಲ "ಬಂತು" ಅಂತ ತಿದ್ದಿದೆ. ಗಟ್ಟಿಯಾಗಿ ಓದುವಾಗ ನಾಲಿಗೆಗೆ ಅದೇ ಹಿತ.

ಮಾತು ಕಡಿಮೆ ಮಾಡಿದ್ದು ಕಷ್ಟದ ಕೆಲಸ. ಮೊದಲ ಕರಡಿನಲ್ಲಿ 900 ಪದ ಇದ್ದವು, ಕೊನೆಗೆ 280 ಉಳಿದವು. "ಕರಡಿ ಮರಿ ಕೆಂಪು ಟೋಪಿ ಹಾಕಿಕೊಂಡಿತ್ತು" ಅನ್ನುವ ವಾಕ್ಯ ಯಾಕೆ ಬೇಕು? ಟೋಪಿ ಚಿತ್ರದಲ್ಲಿ ಕಾಣುತ್ತಿದೆ. ಚಿತ್ರ ಹೇಳಿದ್ದನ್ನು ಮಾತು ಮತ್ತೆ ಹೇಳಿದರೆ ಮಗುವಿಗೆ ಹುಡುಕಲು ಏನೂ ಉಳಿಯುವುದಿಲ್ಲ.

ಇನ್ನು ಕರಡಿಯನ್ನು ಬರೆಯುವುದು. ಕರಡಿ ನಮ್ಮ ಹಾಗೆ ಹಿಮ್ಮಡಿ ಊರಿ ನಡೆಯುತ್ತದೆ. ಅದಕ್ಕೇ ಎರಡು ಕಾಲ ಮೇಲೆ ನಿಲ್ಲಿಸಿ, ಕೈಗೆ ತಟ್ಟೆ ಕೊಟ್ಟರೂ ವಿಚಿತ್ರ ಅನ್ನಿಸುವುದಿಲ್ಲ. ಆದರೆ ಮುಖದ ತುಂಬ ಕೂದಲು, ಕಣ್ಣು ಚಿಕ್ಕದು. ಬೇಜಾರನ್ನು ಮುಖದಲ್ಲಿ ತೋರಿಸಲು ಹೋಗಿ ನಾನು ಹುಬ್ಬು ಬರೆದೆ. ಅದು ಕರಡಿ ವೇಷ ಹಾಕಿದ ಮನುಷ್ಯನ ಹಾಗೆ ಕಂಡಿತು. ಹುಬ್ಬು ಅಳಿಸಿ, ಭುಜ ಇಳಿಸಿ, ಕಿವಿ ಸ್ವಲ್ಪ ಹಿಂದಕ್ಕೆ ಬಾಗಿಸಿದೆ. ಅಷ್ಟೇ ಸಾಕಾಯಿತು. ಕಾಯುವ ಪುಟಗಳಲ್ಲಿ ಮರಿಯ ಬೆನ್ನು ಮಾತ್ರ ಬರೆದಿದ್ದೇನೆ. ಹೊಸ್ತಿಲ ಮೇಲೆ ಕೂತ ದುಂಡನೆಯ ಬೆನ್ನು, ಎರಡು ಕಿವಿಯ ನಡುವೆ ವಾಲಿದ ಟೋಪಿ. ನನಗೆ ತುಂಬಾ ಇಷ್ಟವಾದ ಚಿತ್ರ ಅದು.

ಬಣ್ಣ ಹಾಕುವಾಗ ಇನ್ನೊಂದು ತೊಂದರೆ ಎದುರಾಯಿತು. ಕರಡಿ ಕಂದು, ಗವಿ ಕಂದು, ಮಣ್ಣೂ ಕಂದು. ಚಿತ್ರವನ್ನು ಫೋನಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆದು ನೋಡಿದೆ. ಕರಡಿ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ಗವಿಗೆ ಕಡು ನೀಲಿ ಬಳಿದ ಮೇಲೆ ಮರಿ ಎದ್ದು ಕಂಡಿತು. ಅಂದಿನಿಂದ ಪ್ರತಿ ಚಿತ್ರವನ್ನೂ ಒಮ್ಮೆ ಬಣ್ಣ ತೆಗೆದು ನೋಡುತ್ತೇನೆ.

ಮಾದರಿ ಪ್ರತಿ ಅಚ್ಚಾಗಿ ಬಂದ ದಿನ ಮಾತ್ರ ಹೊಟ್ಟೆ ಚುರುಕ್ ಅಂತು. ಪಾರ್ಟಿಯ ದೊಡ್ಡ ಚಿತ್ರ ಎರಡು ಪುಟಕ್ಕೆ ಹರಡಿದೆ. ಕರಡಿ ಮರಿಯನ್ನು ನಾನು ಸರಿಯಾಗಿ ಮಧ್ಯದಲ್ಲಿ ಕೂರಿಸಿದ್ದೆ. ಬೈಂಡಿಂಗ್ ಆದ ಮೇಲೆ ಅದರ ಮೂಗು ಮಡಿಕೆಯೊಳಗೆ ಹೋಗಿತ್ತು. ಹುಟ್ಟುಹಬ್ಬದ ಮರಿಗೇ ಮುಖ ಇಲ್ಲ! ಇಡೀ ಚಿತ್ರ ಮತ್ತೆ ಬರೆದೆ. ಮರಿಯನ್ನು ಎಡಕ್ಕೆ ಸರಿಸಿ, ಮಡಿಕೆಯ ಜಾಗದಲ್ಲಿ ಮೇಜಿನ ಬಟ್ಟೆ ಮಾತ್ರ ಬಿಟ್ಟೆ. ಆ ಚಿತ್ರಕ್ಕೆ ಒಂದು ಪದವೂ ಇಲ್ಲ. ಓದುವಾಗ ನಾನೂ ಸುಮ್ನೆ ಇರುತ್ತೇನೆ. ಮಕ್ಕಳು ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೋ ಅಷ್ಟು ಹೊತ್ತು ನಿಲ್ಲಲಿ.

ಈಗ ಬಸವನಹುಳು. ಮೊದಲ ಪುಟದಿಂದಲೇ ಅದು ಚಿತ್ರದ ಅಂಚಿನಲ್ಲಿ ಬರುತ್ತಿದೆ, ಬೆನ್ನ ಮೇಲೆ ಪುಟಾಣಿ ಉಡುಗೊರೆ ಕಟ್ಟಿಕೊಂಡು. ಕಥೆಯ ಮಾತಿನಲ್ಲಿ ಅದರ ಹೆಸರೇ ಇಲ್ಲ. ಮೊದಲು ಅಕ್ಕಿ ಕಾಳಿನಷ್ಟು ಬರೆದಿದ್ದೆ, ಗುಂಪಿನಲ್ಲಿ ಹಿಂದೆ ಕೂತವರಿಗೆ ಕಾಣಲಿಲ್ಲ. ಹೆಬ್ಬೆರಳಿನ ಉಗುರಿನಷ್ಟು ಮಾಡಿದೆ. ಒಂದು ಮಗು ಕಂಡುಹಿಡಿದರೆ ಸಾಕು, ಆಮೇಲೆ ಪ್ರತಿ ಪುಟಕ್ಕೂ "ಅಲ್ಲಿದೆ, ಅಲ್ಲಿದೆ!" ಕರಡಿಗೆ ಗೊತ್ತಿಲ್ಲದ್ದು ತಮಗೆ ಗೊತ್ತಿದೆ ಅನ್ನುವ ಹಿಗ್ಗು ಅದು.

ನಾನು ಅದನ್ನು ಕೇಕು ಕತ್ತರಿಸುವ ಹೊತ್ತಿಗೆ ಸರಿಯಾಗಿ ತಂದು ಮುಟ್ಟಿಸಿದ್ದೆ. ಒಬ್ಬ ಹುಡುಗ ಒಪ್ಪಲಿಲ್ಲ. "ಅದು ಅಷ್ಟು ಬೇಗ ಹೇಗೆ ಬರುತ್ತೆ?" ಅಂದ. ಅವನು ಹೇಳಿದ್ದು ಸರಿ. ಕೊನೆಯ ಪುಟವನ್ನು ಬದಲಾಯಿಸಿದೆ. ಪಾರ್ಟಿ ಮುಗಿದಿದೆ. ಬಲೂನು ಸುಕ್ಕಾಗಿದೆ, ಕಪ್ಪೆ ತಟ್ಟೆಯಲ್ಲೇ ಮಲಗಿದೆ. ಕರಡಿ ಮರಿ ಎಲೆಯ ಮೇಲೆ ಒಂದು ಚೂರು ಕೇಕು ಇಟ್ಟುಕೊಂಡು ಹೊಸ್ತಿಲಲ್ಲಿ ಕೂತಿದೆ. ಪುಟದ ಅಂಚಿನಲ್ಲಿ ಎರಡು ಕೊಂಬು ಕಾಣುತ್ತಿವೆ. ಆ ಪುಟಕ್ಕೆ ಒಂದೇ ಮಾತು ಬರೆದೆ:

"ಬಂದ್ಯಾ?"