ಮನೆಯ ಫೋಟೊ ಸರ್ವರ್: ಒಂದು ಸಲಕ್ಕೆ ಒಂದೇ ಪದರ

ಮನೆಯವರ ಫೋಟೊ ಮನೆಯಲ್ಲೇ ಇರಲಿ ಎಂದು ಇಮ್ಮಿಚ್ ಎಂಬ ಫೋಟೊ ಸರ್ವರ್ ಪ್ರೋಗ್ರಾಂ ಹಾಕುವುದು ಅರ್ಧ ಗಂಟೆಯ ಕೆಲಸ. ಅದನ್ನು ವರ್ಷಗಟ್ಟಲೆ ನಡೆಸಿಕೊಂಡು ಹೋಗುವುದರಲ್ಲೇ ನಿಜವಾದ ಕೆಲಸ ಇರುವುದು. ಕೆಳಗಿನ ಲಿನಕ್ಸ್ ಆದ ಡೆಬಿಯನ್ ಬದಲಾಗುತ್ತದೆ, ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಗಳಲ್ಲಿ ನಡೆಸುವ ಡಾಕರ್ ಬದಲಾಗುತ್ತದೆ, ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ಸೂ ಅದರ ಎಕ್ಸ್‌ಟೆನ್ಶನ್‌ಗಳೂ ಬದಲಾಗುತ್ತವೆ, ಮೇಲೆ ಇಮ್ಮಿಚ್ಚಿನ ಹೊಸ ಆವೃತ್ತಿಗಳು ಬರುತ್ತಲೇ ಇರುತ್ತವೆ. ನಾನು ಬಿಡದೆ ಪಾಲಿಸುವುದು ಒಂದೇ ನಿಯಮ: ಒಂದು ಸಲಕ್ಕೆ ಒಂದು ಪದರ ಮಾತ್ರ ಮುಟ್ಟುವುದು, ಮುಂದಿನದಕ್ಕೆ ಒಂದು ವಾರವಾದರೂ ಬಿಡುವುದು. ಎರಡನ್ನು ಒಟ್ಟಿಗೆ ಬದಲಿಸಿ ಏನಾದರೂ ನಿಂತುಹೋದರೆ, ಯಾವುದರಿಂದ ನಿಂತಿತು ಎಂದು ಹುಡುಕುವುದರಲ್ಲೇ ರಾತ್ರಿ ಕಳೆಯುತ್ತದೆ.

ಉಡುಪಿಯ ನಮ್ಮ ಮನೆಯಲ್ಲಿರುವುದು 8 ಜಿಬಿ ರಾಮ್‌ನ ಹಳೆಯ ಮಿನಿ ಪಿಸಿ. ಸಿಸ್ಟಮ್ ಮತ್ತು ಡೇಟಾಬೇಸ್ ಎಸ್‌ಎಸ್‌ಡಿಯಲ್ಲಿ, ಫೋಟೊಗಳು 4 ಟಿಬಿಯ ಯುಎಸ್‌ಬಿ ಹಾರ್ಡ್‌ಡಿಸ್ಕಿನಲ್ಲಿ. ಎರಡರ ಫೈಲ್ ಸಿಸ್ಟಮ್ಮೂ ಇಎಕ್ಸ್‌ಟಿ4. ಡೇಟಾಬೇಸನ್ನು ಎಕ್ಸ್‌ಫ್ಯಾಟ್ ಡಿಸ್ಕಿನಲ್ಲೋ ನೆಟ್‌ವರ್ಕ್ ಶೇರಿನಲ್ಲೋ ಇಡಬಾರದು. ಎಕ್ಸ್‌ಫ್ಯಾಟ್‌ನಲ್ಲಿ ಲಿನಕ್ಸಿನ ಮಾಲೀಕತ್ವ, ಅನುಮತಿಗಳು ಉಳಿಯುವುದಿಲ್ಲ, ಪೋಸ್ಟ್‌ಗ್ರೆಸ್ ಏಳುವುದೇ ಇಲ್ಲ. ಕಂಟೇನರ್‌ಗಳು ನಾಲ್ಕು: ಸರ್ವರ್, ಮಷೀನ್ ಲರ್ನಿಂಗ್, ಕೆಲಸಗಳ ಸರದಿ ಇಡುವ ವಾಲ್ಕೀ (ಹಿಂದಿನ ರೆಡಿಸ್ ಜಾಗಕ್ಕೆ ಬಂದದ್ದು), ಮತ್ತು ಪೋಸ್ಟ್‌ಗ್ರೆಸ್. ಐಫೋನಿನ ಹೆಚ್‌ಇಐಸಿ ಬಿಚ್ಚುವ ಲಿಬ್‌ಹೀಫ್, ಥಂಬ್‌ನೇಲ್ ಮಾಡುವ ಲಿಬ್‌ವಿಪ್ಸ್, ವಿಡಿಯೊದ ಎಫ್‌ಎಫ್‌ಎಂಪೆಗ್ ಎಲ್ಲವೂ ಡಾಕರ್ ಇಮೇಜಿನ (ಕಂಟೇನರ್ ಕಟ್ಟುವ ಸಿದ್ಧ ಪ್ಯಾಕೇಜು) ಒಳಗೇ ಬರುತ್ತವೆ. ಹಾಗಾಗಿ ಹೊರಗಿನ ಡೆಬಿಯನ್‌ನಲ್ಲಿ ಆ ಲೈಬ್ರರಿಗಳ ಯಾವ ಆವೃತ್ತಿ ಇದ್ದರೂ ಚಿಂತೆಯಿಲ್ಲ. ಹೊರಗಿನಿಂದ ತಟ್ಟುವುದು ಕರ್ನಲ್, ಡಾಕರ್ ಮತ್ತು ಡಿಸ್ಕ್ ಮೌಂಟ್ (ಡಿಸ್ಕನ್ನು ಒಂದು ಫೋಲ್ಡರಿನ ಜಾಗಕ್ಕೆ ಜೋಡಿಸುವುದು), ಈ ಮೂರೇ.

ಮೂರರಲ್ಲಿ ಹೆಚ್ಚು ಸಲ ಕೈಕೊಡುವುದು ಮೌಂಟ್. ಯುಎಸ್‌ಬಿ ಡಿಸ್ಕಿನ ಹೆಸರು ಇವತ್ತು ಎಸ್‌ಡಿಎ, ನಾಳೆ ಎಸ್‌ಡಿಬಿ. ಅದಕ್ಕೆ ಮೌಂಟ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಡಿಸ್ಕಿನ ಬದಲಾಗದ ಗುರುತಾದ ಯುಯುಐಡಿಯನ್ನೇ ಬರೆಯಬೇಕು. ಡಿಸ್ಕ್ ಇಲ್ಲದಾಗಲೂ ಮಷೀನ್ ಬೂಟ್ ಆಗಲಿ ಎಂದು ಅದೇ ಸಾಲಿಗೆ ನೋಫೇಲ್ ಹಾಕುತ್ತೇವಲ್ಲ, ತೊಂದರೆ ಹುಟ್ಟುವುದು ಅಲ್ಲಿಯೇ. ಅಪ್‌ಗ್ರೇಡ್ ಮುಗಿದು ರೀಬೂಟ್ ಆದಾಗ ಡಿಸ್ಕ್ ಏಳುವುದು ತಡವಾದರೆ, ಡಾಕರ್ ಆ ಜಾಗದ ಖಾಲಿ ಫೋಲ್ಡರನ್ನೇ ಹಿಡಿದುಕೊಂಡು ಕಂಟೇನರ್ ಏಳಿಸುತ್ತದೆ. ಆಗ ಇಮ್ಮಿಚ್ ಸರ್ವರ್ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಲಾಗ್ ತೆಗೆದರೆ ‘ಎನ್‌ಕೋಡೆಡ್ ವಿಡಿಯೊ’ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ಇಮ್ಮಿಚ್ ಹೆಸರಿನ ಫೈಲ್ ಓದಲಾಗಲಿಲ್ಲ ಎಂದಿರುತ್ತದೆ. ಲೈಬ್ರರಿ, ಅಪ್‌ಲೋಡ್, ಥಂಬ್ಸ್, ಪ್ರೊಫೈಲ್, ಬ್ಯಾಕಪ್ಸ್ ಹೀಗೆ ಪ್ರತಿ ಫೋಲ್ಡರಿನಲ್ಲೂ ಅಂಥದ್ದೊಂದು ಪುಟ್ಟ ಗುರುತಿನ ಫೈಲ್ ಇಟ್ಟಿರುತ್ತಾರೆ. ಅದು ಕಾಣದಿದ್ದರೆ ಸರ್ವರ್ ಮುಂದಕ್ಕೆ ಹೋಗುವುದಿಲ್ಲ, ಹೋಗಲೂಬಾರದು. ಆ ಫೈಲನ್ನು ಕೈಯಾರೆ ಸೃಷ್ಟಿಸಿ ಸರ್ವರ್ ಏಳಿಸಲು ಹೋಗಬೇಡಿ ಮಾರಾಯ್ರೆ! ಹಾಗೆ ಮಾಡಿದರೆ ಹೊಸ ಫೋಟೊಗಳೆಲ್ಲ ಎಸ್‌ಎಸ್‌ಡಿಯ ಖಾಲಿ ಫೋಲ್ಡರಿಗೆ ಬೀಳುತ್ತವೆ, ಹಳೆಯವು ಮಾಯವಾದಂತೆ ಕಾಣುತ್ತವೆ. ಮೊದಲು ಫೈಂಡ್‌ಮೌಂಟ್ (findmnt) ಕಮಾಂಡ್ ಹೊಡೆದು ಡಿಸ್ಕ್ ಜಾಗದಲ್ಲಿದೆಯೇ ನೋಡಬೇಕು. ಶಾಶ್ವತ ಪರಿಹಾರ, ಸರ್ವಿಸುಗಳನ್ನು ಏಳಿಸುವ ಸಿಸ್ಟಮ್‌ಡಿಯಲ್ಲಿದೆ: ಡಾಕರ್ ಸರ್ವಿಸಿಗೆ ಹೆಚ್ಚುವರಿ ಸೆಟ್ಟಿಂಗಿನ ಒಂದು ಡ್ರಾಪ್-ಇನ್ ಫೈಲ್ ಸೇರಿಸಿ, ‘ರಿಕ್ವಯರ್ಸ್ ಮೌಂಟ್ಸ್ ಫಾರ್’ ಸಾಲಿನಲ್ಲಿ ಫೋಟೊ ಡಿಸ್ಕಿನ ದಾರಿ ಕೊಟ್ಟರೆ, ಡಿಸ್ಕ್ ಬರುವ ತನಕ ಡಾಕರ್ ಏಳುವುದಿಲ್ಲ. ಉಳಿದ ಕಂಟೇನರ್‌ಗಳೂ ಕಾಯಬೇಕಾಗುತ್ತದೆ, ಕಾಯಲಿ.

ಇಮ್ಮಿಚ್ ಆವೃತ್ತಿಯನ್ನು ಅದರ ಸೆಟ್ಟಿಂಗ್‌ಗಳ ಎನ್ವ್ ಫೈಲಿನಲ್ಲಿ ಪೂರ್ತಿ ಸಂಖ್ಯೆಯೊಂದಿಗೆ ಬರೆದಿಡುತ್ತೇನೆ. ‘ರಿಲೀಸ್’ ಎಂದು ಬಿಟ್ಟರೆ ಯಾವ ದಿನ ಪುಲ್ ಮಾಡುತ್ತೇವೋ ಆ ದಿನದ ಆವೃತ್ತಿ ಬಂದು ಕೂರುತ್ತದೆ. ಕಂಟೇನರ್‌ಗಳನ್ನು ತಾನಾಗಿ ಹೊಸದು ಮಾಡುವ ಸಾಧನಗಳನ್ನು ಫೋಟೊ ಸರ್ವರಿನ ಹತ್ತಿರಕ್ಕೂ ಬಿಡುವುದಿಲ್ಲ. ಕಂಟೇನರ್‌ಗಳ ಪಟ್ಟಿ ಇರುವ ಕಂಪೋಸ್ ಫೈಲೂ ಆವೃತ್ತಿಯೊಂದಿಗೆ ಬದಲಾಗುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಹೊಸದನ್ನು ಇಳಿಸಿ, ಹಳೆಯದರ ಜೊತೆ ಡಿಫ್ ಹಾಕಿ ವ್ಯತ್ಯಾಸ ನೋಡಿ, ಡೇಟಾಬೇಸ್ ಇಮೇಜಿನ ಸಾಲನ್ನು ಮೊದಲು ನೋಡುತ್ತೇನೆ.

ಆ ಸಾಲು ಯಾಕೆ ಮುಖ್ಯ ಎಂಬುದಕ್ಕೆ ಇಮ್ಮಿಚ್ 1.133 ಒಳ್ಳೆಯ ಉದಾಹರಣೆ. ಮೇ 2025ರ ಆ ಆವೃತ್ತಿಯಲ್ಲಿ ಹುಡುಕಾಟ ಮತ್ತು ಮುಖ ಗುರುತಿಸುವಿಕೆಯ ಹಿಂದಿದ್ದ ಪಿಜಿವೆಕ್ಟೊ ಡಾಟ್ ಆರ್‌ಎಸ್ ಎಕ್ಸ್‌ಟೆನ್ಶನ್ ಜಾಗಕ್ಕೆ ವೆಕ್ಟರ್‌ಕಾರ್ಡ್ ಬಂತು. ಪೋಸ್ಟ್‌ಗ್ರೆಸ್ 14ರ ಮೇಲೆ ಎರಡೂ ಎಕ್ಸ್‌ಟೆನ್ಶನ್ ಇರುವ ಇಮೇಜಿಗೆ ಬದಲಿಸಿ ಸರ್ವರ್ ಏಳಿಸಿದರೆ, ಅದು ತಾನೇ ಇಂಡೆಕ್ಸುಗಳನ್ನು (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿಗಳು) ಹೊಸದಾಗಿ ಕಟ್ಟುತ್ತದೆ. ಫೋಟೊ ಹೆಚ್ಚಿದ್ದಷ್ಟೂ ಹೊತ್ತು ಹೆಚ್ಚು. ಲಾಗಿನಲ್ಲಿ ರೀಇಂಡೆಕ್ಸಿಂಗ್ ಎಂಬಲ್ಲಿ ನಿಂತಂತೆ ಕಂಡರೂ ಆಫ್ ಮಾಡಬಾರದು. ಒಮ್ಮೆ ಹೊಸ ಎಕ್ಸ್‌ಟೆನ್ಶನ್‌ಗೆ ಹೋದ ಡೇಟಾಬೇಸನ್ನು ಹಳೆಯ ಇಮ್ಮಿಚ್ ಓದಲಾರದು. ಅಕ್ಟೋಬರ್ 2025ರಲ್ಲಿ ಬಂದ 2.0ಕ್ಕೆ ಹೋಗಲು ಇನ್ನೊಂದು ಷರತ್ತಿದೆ: ಸರ್ವರ್ 1.132.0ರಿಂದ 1.136.0ರ ನಡುವಿನ ಒಂದು ಆವೃತ್ತಿಯಲ್ಲಿ ಒಮ್ಮೆಯಾದರೂ ಸರಿಯಾಗಿ ಎದ್ದಿರಬೇಕು. ಹಳೆಯದರಿಂದ ನೇರ 2ಕ್ಕೆ ಹಾರಿದರೆ ಸ್ಕೀಮಾ (ಡೇಟಾಬೇಸಿನ ರಚನೆ) ಬದಲಾವಣೆ ಅರ್ಧದಲ್ಲಿ ಬಾಕಿಯಾಗಿ ಸರ್ವರ್ ಏಳುವುದಿಲ್ಲ. ಆಗ ಆ ನಡುವಿನ ಒಂದು ಆವೃತ್ತಿಗೆ ಬಂದು, ಏಳಿಸಿ, ನಿಲ್ಲಿಸಿ, ಮತ್ತೆ 2ಕ್ಕೆ ಹೋಗಬೇಕು.

ಪೋಸ್ಟ್‌ಗ್ರೆಸ್ಸಿನ 14ನ್ನು ಅಳಿಸಿ 16 ಎಂದು ಬರೆದರೆ ಅಪ್‌ಗ್ರೇಡ್ ಆಗುವುದಿಲ್ಲ. ಒಂದು ಮೇಜರ್ ಆವೃತ್ತಿಯ ಡೇಟಾ ಫೋಲ್ಡರನ್ನು ಇನ್ನೊಂದು ಓದುವುದಿಲ್ಲ, ಹೊಂದಾಣಿಕೆಯಿಲ್ಲ ಎಂದು ಹೇಳಿ ನಿಲ್ಲುತ್ತದೆ. ಹಳೆಯದರಲ್ಲಿ ಡಂಪ್ (ಡೇಟಾಬೇಸಿನ ಪೂರ್ತಿ ನಕಲು ಫೈಲ್) ತೆಗೆದು ಹೊಸ ಖಾಲಿ ಫೋಲ್ಡರಿಗೆ ತುಂಬುವುದೇ ಸುಲಭದ ದಾರಿ. ಕಾರಣವಿಲ್ಲದೆ ನಾನು ಅದಕ್ಕೆ ಕೈಹಾಕುವುದಿಲ್ಲ. ಪೋಸ್ಟ್‌ಗ್ರೆಸ್ಸನ್ನು ಕಂಟೇನರ್ ಇಲ್ಲದೆ ನೇರ ಡೆಬಿಯನ್‌ನಲ್ಲೇ ನಡೆಸುವವರಿಗೆ ಒಂದು ಮಾತು: ಡೆಬಿಯನ್ 12ರಿಂದ 13ಕ್ಕೆ ಹೋದಾಗ ಸಿಸ್ಟಮ್ಮಿನ ಮೂಲ ಲೈಬ್ರರಿ ಜಿಲಿಬ್‌ಸಿ ಬದಲಾಗುವುದರಿಂದ ಕೊಲೇಶನ್ (ಅಕ್ಷರಗಳ ಅನುಕ್ರಮ) ಆವೃತ್ತಿ ಹೊಂದುತ್ತಿಲ್ಲ ಎಂಬ ಎಚ್ಚರಿಕೆ ಬರಬಹುದು. ಅಕ್ಷರಗಳ ಅನುಕ್ರಮದ ನಿಯಮ ಬದಲಾದರೆ ಹಳೆಯ ಇಂಡೆಕ್ಸ್ ತಪ್ಪು ಉತ್ತರ ಕೊಡುತ್ತದೆ. ಮೊದಲು ರೀಇಂಡೆಕ್ಸ್, ಆಮೇಲೆ ರಿಫ್ರೆಶ್ ಕೊಲೇಶನ್ ವರ್ಷನ್. ಹಿಂದುಮುಂದು ಮಾಡಿದರೆ ಎಚ್ಚರಿಕೆ ಮಾತ್ರ ಹೋಗುತ್ತದೆ, ಕೆಟ್ಟ ಇಂಡೆಕ್ಸ್ ಹಾಗೇ ಉಳಿಯುತ್ತದೆ.

ಯಾವ ಪದರ ಮುಟ್ಟುವುದಿದ್ದರೂ ಮೊದಲು ಡಂಪ್. ಇಮ್ಮಿಚ್ ತಾನೇ ದಿನಾ ಬೆಳಗಿನ ಜಾವ 2 ಗಂಟೆಗೆ ಡೇಟಾಬೇಸ್ ಡಂಪ್ ತೆಗೆದು 14 ಪ್ರತಿ ಇಟ್ಟುಕೊಳ್ಳುತ್ತದೆ. ಆದರೆ ಅದು ಇರುವುದು ಅದೇ ಫೋಟೊ ಡಿಸ್ಕಿನ ಬ್ಯಾಕಪ್ಸ್ ಫೋಲ್ಡರಿನಲ್ಲಿ, ಮತ್ತು ಅದರಲ್ಲಿ ಫೋಟೊ ಇರುವುದಿಲ್ಲ, ಆಲ್ಬಮ್, ಹೆಸರು, ದಾರಿಗಳು ಮಾತ್ರ. ಲೈಬ್ರರಿ, ಅಪ್‌ಲೋಡ್, ಪ್ರೊಫೈಲ್, ಬ್ಯಾಕಪ್ಸ್ ಈ ನಾಲ್ಕನ್ನು ರೆಸ್ಟಿಕ್ ಎಂಬ ಬ್ಯಾಕಪ್ ಸಾಧನದಿಂದ ಎರಡನೆಯ ಡಿಸ್ಕಿಗೆ ತೆಗೆದು, ಆ ಡಿಸ್ಕನ್ನು ಮಂಗಳೂರಿನ ಬಂಧುಗಳ ಮನೆಯಲ್ಲಿಡುತ್ತೇನೆ. ಥಂಬ್ಸ್ ಮತ್ತು ಎನ್‌ಕೋಡೆಡ್ ವಿಡಿಯೊ ಬೇಡ, ಮೂಲ ಇದ್ದರೆ ಮತ್ತೆ ಹುಟ್ಟುತ್ತವೆ. ಇಡೀ ರಾತ್ರಿಯ ಯಕ್ಷಗಾನ ಆಟದ ವಿಡಿಯೊ ತುಂಬುವ ಮನೆಗಳಲ್ಲಿ ಇದರಿಂದಲೇ ದೊಡ್ಡ ಜಾಗ ಉಳಿಯುತ್ತದೆ. ಜೊತೆಗೆ ಸ್ಟೋರೇಜ್ ಟೆಂಪ್ಲೇಟನ್ನು ಆನ್ ಮಾಡಿಡಿ. ಅದು ಆಫ್ ಇದ್ದರೆ ಮೂಲ ಫೈಲುಗಳು ಅರ್ಥವಾಗದ ಉದ್ದದ ಹೆಸರುಗಳಲ್ಲಿ ಅಪ್‌ಲೋಡ್ ಫೋಲ್ಡರಿನಲ್ಲಿ ಬಿದ್ದಿರುತ್ತವೆ. ಆನ್ ಇದ್ದರೆ ವರ್ಷ, ದಿನಾಂಕದ ಫೋಲ್ಡರುಗಳಲ್ಲಿ ಕೂರುತ್ತವೆ. ನಾಳೆ ಇಮ್ಮಿಚ್ಚೇ ಇಲ್ಲದಿದ್ದರೂ ಅಮ್ಮನಿಗೆ ಮದುವೆಯ ಫೋಟೊ ಹುಡುಕಿ ಕೊಡಬಹುದು.

ಡಂಪ್ ಇದ್ದರೆ ಸಾಲದು, ಅದು ತುಂಬಿಕೊಳ್ಳಬೇಕು. ವರ್ಷಕ್ಕೊಮ್ಮೆ, ಶುಭಕಾರ್ಯಗಳಿಲ್ಲದೆ ಹೊಸ ಫೋಟೊ ಕಡಿಮೆ ಬರುವ ಆಟಿ ತಿಂಗಳಲ್ಲಿ, ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಪೂರ್ತಿ ರಿಸ್ಟೋರ್ ಮಾಡಿ ನೋಡುತ್ತೇನೆ. ಕ್ರಮ ಹೀಗೆ: ಕಂಪೋಸ್ ಕ್ರಿಯೇಟ್, ಡೇಟಾಬೇಸ್ ಕಂಟೇನರ್ ಒಂದನ್ನೇ ಸ್ಟಾರ್ಟ್ ಮಾಡಿ 10 ಸೆಕೆಂಡ್ ಬಿಟ್ಟು ಡಂಪ್ ತುಂಬುವುದು, ಆಮೇಲೆ ಉಳಿದದ್ದು. ಸರ್ವರ್ ಮೊದಲೇ ಎದ್ದುಬಿಟ್ಟರೆ ಖಾಲಿ ಟೇಬಲ್ಲುಗಳನ್ನು ಕಟ್ಟಿಬಿಡುತ್ತದೆ, ರಿಸ್ಟೋರ್ ಢಿಕ್ಕಿ ಹೊಡೆಯುತ್ತದೆ. ಇನ್ನೊಂದು ಸೂಕ್ಷ್ಮ: ಡಂಪಿನೊಳಗೆ ಸರ್ಚ್ ಪಾತ್ (ಹೆಸರುಗಳನ್ನು ಎಲ್ಲಿ ಹುಡುಕಬೇಕೆಂಬ ಪಟ್ಟಿ) ಅನ್ನು ಖಾಲಿ ಮಾಡುವ ಒಂದು ಸಾಲಿರುತ್ತದೆ. ತುಂಬುವಾಗಲೇ ಪಠ್ಯ ತಿದ್ದುವ ಸೆಡ್ ಕಮಾಂಡ್ ಮೂಲಕ ಅದನ್ನು ‘ಪಬ್ಲಿಕ್, ಪಿಜಿ ಕ್ಯಾಟಲಾಗ್’ ಎಂದು ಬದಲಿಸಬೇಕು. ಇಲ್ಲದಿದ್ದರೆ ಎಕ್ಸ್‌ಟೆನ್ಶನ್‌ನ ವೆಕ್ಟರ್ ವಿಧವೇ ಕಾಣದೆ ರಿಸ್ಟೋರ್ ಎಡವುತ್ತದೆ.

ಡೆಬಿಯನ್ ಬದಲಿಸುವುದು ಜನವರಿ-ಫೆಬ್ರವರಿಯಲ್ಲಿ, ಕರೆಂಟ್ ಗಟ್ಟಿಯಾಗಿರುವ ದಿನಗಳಲ್ಲಿ. ಏಪ್ರಿಲ್-ಮೇಯ ಗುಡುಗು ಸಿಡಿಲಿನಲ್ಲೂ ಮಳೆಗಾಲದಲ್ಲೂ ಈ ಕೆಲಸ ಬೇಡ. ಅಪ್‌ಗ್ರೇಡ್ ಅರ್ಧದಲ್ಲಿರುವಾಗ ಕರೆಂಟ್ ಹೋದರೆ ಇನ್ವರ್ಟರ್ ಯುಪಿಎಸ್ ಮೋಡಿನಲ್ಲಿ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಕಂಟೇನರ್ ನಿಲ್ಲಿಸಿ, ಡಾಕರ್‌ನ ರೆಪೊ (ಪ್ಯಾಕೇಜು ಬರುವ ಮೂಲ) ಸಾಲನ್ನು ಕಮೆಂಟ್ ಮಾಡಿ, ಸಂಪರ್ಕ ಕಡಿದರೂ ಕೆಲಸ ನಿಲ್ಲದ ಟಿಮಕ್ಸ್ ಒಳಗಿಂದ ಅಪ್‌ಗ್ರೇಡ್, ಆಮೇಲೆ ಫುಲ್-ಅಪ್‌ಗ್ರೇಡ್. ಬೇಡದ ಹಳೆಯ ಪ್ಯಾಕೇಜು ತೆಗೆಯುವ ಆಟೊರಿಮೂವ್ ಅವತ್ತೇ ಹೊಡೆಯುವುದಿಲ್ಲ. ಆಗಸ್ಟ್ 2025ರ ಡೆಬಿಯನ್ 13ರಲ್ಲಿ ಟೆಂಪ್ ಫೋಲ್ಡರ್ ರಾಮ್‌ನಲ್ಲಿರುತ್ತದೆ. ಅಲ್ಲಿ ಡಂಪ್ ಇಟ್ಟರೆ ರಾಮ್ ತಿನ್ನುತ್ತದೆ, ರೀಬೂಟಿಗೆ ಮಾಯವಾಗುತ್ತದೆ. ಪೈಥಾನ್ 3.11ರಿಂದ 3.13ಕ್ಕೆ ಹೋಗುವುದರಿಂದ ಕ್ಯಾಮೆರಾ ಕಾರ್ಡಿನಿಂದ ಫೋಟೊ ಎಳೆಯುವ ಸ್ಕ್ರಿಪ್ಟಿನ ವೆನ್ವ್ (ಅದಕ್ಕೆಂದೇ ಇಟ್ಟ ಪೈಥಾನ್ ಲೈಬ್ರರಿಗಳ ಫೋಲ್ಡರ್) ಮುರಿಯುತ್ತದೆ. ಅದನ್ನು ಅಳಿಸಿ ಹೊಸದಾಗಿ ಕಟ್ಟುವುದೇ ಸುಲಭ.

ಡಾಕರ್ ಸರದಿ ಒಂದು ವಾರದ ನಂತರ. ನವೆಂಬರ್ 2025ರ ಡಾಕರ್ 29 ಕನಿಷ್ಠ ಎಪಿಐ 1.44 ಕೇಳುತ್ತದೆ. ಡಾಕರ್ ಸಾಕೆಟ್ (ಡಾಕರ್‌ಗೆ ಆದೇಶ ಕೊಡುವ ಬಾಗಿಲು) ಜೊತೆ ಮಾತಾಡುವ ಹಳೆಯ ಸಾಧನಗಳು ‘ಕ್ಲೈಂಟ್ ಆವೃತ್ತಿ ತೀರಾ ಹಳೆಯದು’ ಎಂದು ನಿಲ್ಲುತ್ತವೆ. ಇಮ್ಮಿಚ್ ಸಾಕೆಟ್ ಮುಟ್ಟುವುದಿಲ್ಲ, ಅದಕ್ಕೆ ತೊಂದರೆಯಿಲ್ಲ.

ಪ್ರತಿ ಬದಲಾವಣೆಯ ಮೊದಲೂ ನಂತರವೂ ಫೋಟೊ, ವಿಡಿಯೊಗಳ ಸಂಖ್ಯೆ ಬರೆದಿಟ್ಟು ತಾಳೆ ನೋಡುತ್ತೇನೆ. ಐಫೋನಿನಿಂದ ಒಂದು ಹೆಚ್‌ಇಐಸಿ, ಆಂಡ್ರಾಯ್ಡಿನಿಂದ ಒಂದು ವಿಡಿಯೊ ಕಳಿಸಿ ಥಂಬ್‌ನೇಲ್ ಬಂತೇ ನೋಡುತ್ತೇನೆ. ಹಳೆಯ ಡಾಕರ್ ಇಮೇಜುಗಳನ್ನು ಒಂದು ವಾರ ಪ್ರೂನ್ ಮಾಡುವುದಿಲ್ಲ (ಅಳಿಸುವುದಿಲ್ಲ). ಹಿಂದೆ ಸರಿಯಬೇಕಾದರೆ ಹಳೆಯ ಇಮೇಜ್ ಜೊತೆ ಹಳೆಯ ಡಂಪನ್ನೇ ಸೇರಿಸಬೇಕು, ಹೊಸ ಡೇಟಾಬೇಸಿನ ಮೇಲೆ ಹಳೆಯ ಸರ್ವರ್ ಕೂರಿಸಬಾರದು.

ಅಪ್‌ಗ್ರೇಡಿನ ನಂತರ ಡಿಸ್ಕ್ ಆಗಾಗ ಕಳಚಿಕೊಳ್ಳುತ್ತಿದ್ದರೆ ಹೊಸ ಕರ್ನಲ್ಲನ್ನು ದೂರುವ ಮೊದಲು ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಹಾಕಿ. ಕಡಲ ಉಪ್ಪುಗಾಳಿಗೆ ನಮ್ಮಲ್ಲಿ ಕನೆಕ್ಟರ್‌ಗಳು ಬೇಗ ಮಬ್ಬಾಗುತ್ತವೆ. ಐಡಿ 199ರ ಸಾಲಿನ ಸಿಆರ್‌ಸಿ (ಡೇಟಾ ಸಾಗಣೆಯ ದೋಷ) ಸಂಖ್ಯೆ ಏರುತ್ತಿದ್ದರೆ ಕೇಬಲ್, ಕನೆಕ್ಟರ್ ಕಡೆ ನೋಡಬೇಕು. ಐಡಿ 5 ಮತ್ತು 197ರ ಸಂಖ್ಯೆ (ಕೆಟ್ಟ ಸೆಕ್ಟರುಗಳ ಲೆಕ್ಕ) ಏರುತ್ತಿದ್ದರೆ ಹೋಗುತ್ತಿರುವುದು ಡಿಸ್ಕೇ. ಅಂಥ ದಿನ ಬೇರೆಲ್ಲ ಬಿಟ್ಟು ಹೊಸ ಡಿಸ್ಕಿಗೆ ಕಾಪಿ ಶುರು ಮಾಡಿ.